ಅಜ್ಜಿಯ ಕಾಲು ನೆಲಕ್ಕೆ ಎಟುಕಲಿಲ್ಲ: ಹಳೇ ಫಿಯಟ್‌ಗೆ ಸೀಟಿನ ಸಾಮಾನು ಹುಡುಕಿದ ಕಥೆ

ಹೋದ ಎಪಿಸೋಡಲ್ಲಿ ನಮ್ಮ ತಾತನ ಕಾರಿನ ಬಗ್ಗೆ ಎರಡು ಮಾತು ಹೇಳಿದ್ದೆ. ಆಮೇಲೆ ಬಂದ ಮೆಸೇಜ್‌ಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ: "ಬ್ರೋ, ಸೀಟಿಗೆ ಸಾಮಾನು ಎಲ್ಲಿ ತಗೊಂಡ್ರಿ? ಎಷ್ಟಾಯ್ತು?" ಇವತ್ತು ಅದಕ್ಕೆ ಪೂರ್ತಿ ಉತ್ತರ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಬಿ.ಕಾಂ. ಮಾಡಿದೋನು, ಇಂಜಿನಿಯರ್ ಅಲ್ಲ. ಎರಡು ಸಲ ದುಡ್ಡು ಕೊಟ್ಟು ಕಲಿತಿದ್ದನ್ನ ಹೇಳ್ತಿದ್ದೀನಿ.

ಕಾರು 1969ರ ಫಿಯಟ್ 1100 ಡಿಲೈಟ್. ಇಟಲಿಯ ಫಿಯಟ್ ಕಂಪನಿ ಲೈಸೆನ್ಸ್ ತಗೊಂಡು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸ್ತಿದ್ದ ಗಾಡಿ. ಇದೇ ಮುಂದೆ ಪ್ರೀಮಿಯರ್ ಪದ್ಮಿನಿ ಆಯ್ತು. ಗೇರ್ ಸ್ಟೀರಿಂಗ್ ಪಕ್ಕದಲ್ಲಿ, ಹಿಂದೆ ಮೂರು ಜನ ಆರಾಮಾಗಿ ಕೂರೋ ಉದ್ದ ಸೀಟು. ತಿಪಟೂರಿನ ನಮ್ಮ ಮನೆ ಶೆಡ್ಡಲ್ಲಿ ಹದಿನೈದು ವರ್ಷ ತಾಡಪಾಲು ಹೊದ್ದು ಮಲಗಿತ್ತು. ಎಂಜಿನ್ ರೆಡಿ ಆಯ್ತು, ಪೇಂಟ್ ಆಯ್ತು. ಒಳಗಡೆ ಮಾತ್ರ ಇಲಿ, ಧೂಳು, ಸೀಳಿದ ಸೀಟು. ಅಜ್ಜಿಗೆ ಈಗ 81. ತಾತ ಇದ್ದಾಗ ಆ ಕಾರಿನ ಹಿಂದಿನ ಸೀಟಲ್ಲಿ ಎಡಗಡೆ ಕೂತು ದೇವಸ್ಥಾನಕ್ಕೆ, ಮದುವೆಗೆ, ಆಸ್ಪತ್ರೆಗೆ ಓಡಾಡಿದೋರು. "ಇನ್ನೊಂದು ಸಲ ಅದ್ರಲ್ಲಿ ಕೂರಿಸು" ಅಂತ ಕೇಳಿದ್ರು. ಆ ಒಂದು ಮಾತಿಗೇ ಈ ಕೆಲಸ ಶುರು ಆಗಿದ್ದು.

ಮೊದಲನೇ ಸಲ ಏನ್ ಮಾಡ್ದೆ ಗೊತ್ತಾ? ಸೀಟು ಕಿತ್ತು ಒಂದು ಸೀಟ್ ಕವರ್ ಅಂಗಡಿಗೆ ಕೊಟ್ಟುಬಿಟ್ಟೆ. ಅಂಗಡಿಯವರು ಗೋಡೆಗೆ ನೇತುಹಾಕಿದ್ದ ಬಣ್ಣ ತೋರಿಸಿದ್ರು, ನಾನು ತಲೆ ಆಡಿಸಿದೆ. "ಸ್ಪ್ರಿಂಗ್ ಎಲ್ಲ ಯಾಕೆ ಸಾರ್, ಮೇಲೆ ಪ್ಲೈವುಡ್ ಹಾಕಿ ನಲವತ್ತು ಡೆನ್ಸಿಟಿ ಫೋಮ್ ಕೂರಿಸ್ತೀವಿ, ಲೈಫ್‌ಟೈಮ್" ಅಂದ್ರು. ರೆಕ್ಸಿನ್ 10 ಮೀಟರ್‌ಗೆ 2,800, ಫೋಮ್ 4,600, ಹೊಲಿಗೆ 7,500, ಅಂಟು ಇತ್ಯಾದಿ 1,100. ಒಟ್ಟು 16,000 ರೂಪಾಯಿ. ಫೋಟೋಗೆ ಸೂಪರಾಗಿತ್ತು, ಇನ್‌ಸ್ಟಾದಲ್ಲಿ ಲೈಕ್ಸ್ ಕೂಡ ಬಂದ್ವು.

ಅಜ್ಜಿ ಹತ್ತಿ ಕೂತ್ರು. ಕಾಲು ನೆಲಕ್ಕೆ ಎಟುಕ್ತಿಲ್ಲ. ಚಿಕ್ಕ ಮಕ್ಕಳ ಕಾಲು ಬೆಂಚಿಂದ ನೇತಾಡತ್ತಲ್ಲ, ಹಾಗೆ. ಅರಸೀಕೆರೆ ರೋಡಿಗೆ ತಿರುಗೋ ಮುಂಚೆ ಒಂದು ಹಂಪ್ ಬಂತು, ಬ್ರೇಕ್ ಒತ್ತಿದೆ. ಹೊಳೆಯೋ ರೆಕ್ಸಿನ್ ಮೇಲಿಂದ ಅಜ್ಜಿ ಸರ್ರನೆ ಮುಂದಕ್ಕೆ ಜಾರಿದ್ರು. ಹಿಡ್ಕೊಳ್ಳೋಕೆ ಹೋಗಿ ಮಣಿಕಟ್ಟು ಮುಂದಿನ ಸೀಟಿಗೆ ಬಡೀತು, ಸಂಜೆಗೆ ಊದ್ಕೊಂಡಿತ್ತು. ಮೂಳೆಗೇನೂ ಆಗಿರಲಿಲ್ಲ, ಸದ್ಯ. ಆದ್ರೆ ಅಜ್ಜಿ ಹೇಳಿದ್ದು ಒಂದೇ: "ಇದು ನಮ್ಮ ಕಾರಲ್ಲ ಕಣೋ, ಹಲ್ಲಿನ ಡಾಕ್ಟ್ರು ಕುರ್ಚಿ." ಆಮೇಲೆ ಹತ್ತಲ್ಲ ಅಂದ್ರು.

ಅಲ್ಲಿಂದ ಎರಡನೇ ಸುತ್ತು. ನಮ್ಮೂರಲ್ಲಿ ಲಾರಿ, ಬಸ್ಸಿನ ಸೀಟು ಕಟ್ಟೋ ಹಿರಿಯರೊಬ್ಬರಿದ್ದಾರೆ. ಅವರ ಹತ್ರ ಹೋದೆ. ಅವರು ರೆಕ್ಸಿನ್ ಬಗ್ಗೆ ಕೇಳಲೇ ಇಲ್ಲ. "ಹಳೇದೆಲ್ಲಿ?" ಅಂದ್ರು. ನಾನು ಬಿಸಾಕಿದ್ದೆ. ಆದ್ರೆ ಅಮ್ಮ ಬಿಸಾಕಿರಲಿಲ್ಲ! ತಿಪಟೂರಿನವರಿಗೆ ಗೊತ್ತಿರತ್ತೆ, ಕೊಬ್ಬರಿ ಅಟ್ಟದ ಮೇಲೆ ಏನು ಬೇಕಾದ್ರೂ ಸಿಗತ್ತೆ. ಹಿಂದಿನ ಸೀಟಿನ ಹಳೇ ಕವರು, ಅದಕ್ಕೆ ಅಂಟಿಕೊಂಡಿದ್ದ ನಾರಿನ ಸಮೇತ, ಅಟ್ಟದಲ್ಲಿ ಒಂದು ಕಿಂಡಿಗೆ ಅಡ್ಡ ಇಟ್ಟಿದ್ರು. ಅದೇ ನಮ್ಮ ಪಠ್ಯಪುಸ್ತಕ ಆಯ್ತು.

ನೀವು ಇಂಥ ಕೆಲಸಕ್ಕೆ ಕೈ ಹಾಕೋದಾದ್ರೆ ಹಳೇ ಕವರನ್ನ ದಯವಿಟ್ಟು ಎಸೀಬೇಡಿ. ಅಂಗಡಿಗೆ ಹೋಗೋ ಮುಂಚೆ ಹೊಲಿಗೆ ಬಿಚ್ಚಿ, ಪ್ರತಿ ತುಂಡಿನ ಹಿಂದೆ ಮಾರ್ಕರಲ್ಲಿ ಬರೀರಿ: ಇದು ಎಡ, ಇದು ಮುಂದೆ, ಇದು ಮೇಲೆ. ಅಂಚಿನ ಒಳಗೆ ತಂತಿ ಸೇರಿಸೋಕೆ ಹೊಲಿದ ಕೊಳವೆ ಇರತ್ತೆ. ಆ ಕೊಳವೆ ಒಳಗೆ ಬಿಸಿಲು ಬಿದ್ದಿರಲ್ಲ, ಹಾಗಾಗಿ ಕಾರಿನ ನಿಜವಾದ ಬಣ್ಣ ಅಲ್ಲೇ ಉಳಿದಿರತ್ತೆ. ನಮ್ಮದು ಬೂದು ಅಂತ ಎಲ್ರೂ ಅಂದ್ಕೊಂಡಿದ್ವಿ. ಬಿಚ್ಚಿ ನೋಡಿದ್ರೆ ತಿಳಿ ನೀಲಿ! ಅಜ್ಜಿಗೆ ತೋರಿಸಿದ್ದಕ್ಕೆ, "ಹೌದು ಮತ್ತೆ, ನೀಲಿನೇ, ನೀವು ಯಾರಾದ್ರೂ ಕೇಳಿದ್ರಾ?" ಅಂದ್ರು.

ಈಗ ಒಂದೊಂದೇ ಪದರಕ್ಕೆ ಬರ್ತೀನಿ. ರೆಕ್ಸಿನ್‌ನಿಂದ ಶುರು ಮಾಡೋಣ, ಯಾಕಂದ್ರೆ ಎಲ್ರೂ ಎಡವೋದು ಅಲ್ಲೇ. ರೆಕ್ಸಿನ್ ಅನ್ನೋದು ಮೂಲದಲ್ಲಿ ಒಂದು ಬ್ರಿಟಿಷ್ ಬ್ರ್ಯಾಂಡ್ ಹೆಸರು. ಮ್ಯಾಂಚೆಸ್ಟರ್ ಹತ್ರ ಹೈಡ್ ಅನ್ನೋ ಊರಲ್ಲಿ ತಯಾರಾಗ್ತಿತ್ತು. ಬಟ್ಟೆ ಮೇಲೆ ನೈಟ್ರೋಸೆಲ್ಯುಲೋಸ್ ಬಳೀತಿದ್ರು, ಅದನ್ನ ಮೆತ್ತಗೆ ಮಾಡೋಕೆ ಕರ್ಪೂರದ ಎಣ್ಣೆ ಸೇರಿಸ್ತಿದ್ರು. ಹೌದು, ಮಂಗಳಾರತಿ ಕರ್ಪೂರದ ಎಣ್ಣೆನೇ. ಬೆಂಕಿಗೆ ಎಷ್ಟು ಪ್ರಿಯ ಅಂತ ನೀವೇ ಊಹಿಸ್ಕೊಳ್ಳಿ. ಆಮೇಲೆ ಪಿವಿಸಿ ಬಂತು, ಹಳೇ ಹೆಸರು ನಮ್ಮ ಬಾಯಲ್ಲಿ ಉಳೀತು. ಇವತ್ತು ಅಂಗಡೀಲಿ ರೆಕ್ಸಿನ್ ಅಂತ ಕೇಳಿದ್ರೆ ಕೊಡೋದು ಸಾಮಾನ್ಯವಾಗಿ ಬಟ್ಟೆ ಮೇಲೆ ಪಿವಿಸಿ ಪದರ ಇರೋ ಮಾಲು.

ಪಿವಿಸಿ ತನ್ನಷ್ಟಕ್ಕೆ ಗಟ್ಟಿ. ಮನೆ ಪ್ಲಂಬಿಂಗ್ ಪೈಪೂ ಅದೇ ಅಲ್ವಾ? ಅದನ್ನ ಚರ್ಮದ ಥರ ಬಾಗಿಸೋಕೆ ಪ್ಲಾಸ್ಟಿಸೈಸರ್ ಅನ್ನೋ ಎಣ್ಣೆಯಂಥ ದ್ರವ ಸೇರಿಸ್ತಾರೆ. ಬಿಸಿಲಿಗೆ ಕಾರು ಕಾದಾಗೆಲ್ಲ ಅದು ಸ್ವಲ್ಪ ಸ್ವಲ್ಪ ಆವಿಯಾಗಿ ಹೊರಗೆ ಬರತ್ತೆ. ಗ್ಲಾಸಿನ ಒಳಗಡೆ ಜಿಡ್ಡುಜಿಡ್ಡು ಮಂಜು ಕೂರತ್ತಲ್ಲ, ಅದರಲ್ಲಿ ಇದೂ ಒಂದು ಪಾಲು. ದ್ರವ ಖಾಲಿ ಆದ ಹಾಗೆ ರೆಕ್ಸಿನ್ ಸೆಟೆದು ಬಿರುಕು ಬಿಡತ್ತೆ. ಸೋಫಾಗೆ ಅಂತ ಮಾಡಿದ ಅಗ್ಗದ ಮಾಲು ಮನೆಯೊಳಗೆ ವರ್ಷಗಟ್ಟಲೆ ಇರಬಹುದು. ಬಿಸಿಲಲ್ಲಿ ನಿಲ್ಲೋ ಕಾರಲ್ಲಿ ಅದಕ್ಕೆ ಆಯಸ್ಸು ಕಮ್ಮಿ. ನನ್ನ ಮೊದಲನೇ ರೆಕ್ಸಿನ್ ಎಂಟೇ ತಿಂಗಳಿಗೆ ಹೊಲಿಗೆ ಪಕ್ಕದಲ್ಲೇ ಸೀಳಿತು. ಅಂಗಡಿಗೆ ಫೋನ್ ಮಾಡಿದ್ರೆ "ಬಿಸಿಲಿಗೆ ಗ್ಯಾರಂಟಿ ಇಲ್ಲ ಸಾರ್" ಅಂದ್ರು. ಕಾರನ್ನ ಫ್ರಿಜ್ಜಲ್ಲಿ ಇಡಬೇಕಿತ್ತೇನೋ.

ಹಾಗಾದ್ರೆ ನೋಡಿ ತಗೊಳ್ಳೋದು ಹೇಗೆ? ತುಂಡನ್ನ ತಿರುಗಿಸಿ ಹಿಂಭಾಗ ನೋಡಿ. ಬನಿಯನ್ ಥರ ಹೆಣೆದ ಬಟ್ಟೆ ಇದ್ದರೆ ಅದು ಎಳೆದ ಕಡೆ ಹಿಗ್ಗತ್ತೆ. ಇವತ್ತಿನ ಕಾರಿನ ಗುಂಡುಗುಂಡಾದ ಸೀಟಿಗೆ ಅದೇ ಸರಿ. ಪಂಚೆ ಥರ ನೇಯ್ದ ಬಟ್ಟೆ ಇದ್ದರೆ ಹಿಗ್ಗೋದು ತೀರಾ ಕಮ್ಮಿ. ನಮ್ಮ ಫಿಯಟ್ಟಿನ ಸೀಟು ಚಪ್ಪಟೆ, ಮೇಲೆ ಉದ್ದುದ್ದ ಪಟ್ಟಿ ಹೊಲಿಗೆ. ಹಳೇ ತುಂಡಿನ ಹಿಂದೆ ಇದ್ದದ್ದು ನೇಯ್ದ ಬಟ್ಟೆ. ಹೆಣೆದದ್ದು ಹಾಕಿದ್ರೆ ಆ ಪಟ್ಟಿಗಳು ಆರು ತಿಂಗಳಲ್ಲಿ ಹಾವಿನ ಥರ ಅಂಕುಡೊಂಕು ಆಗ್ತವೆ, ನಮ್ಮ ಮೊದಲನೇ ಸೀಟು ಸಾಕ್ಷಿ. ಇನ್ನೊಂದು ಪರೀಕ್ಷೆ: ಬಣ್ಣದ ಭಾಗ ಹೊರಗೆ ಬರೋ ಹಾಗೆ ಮಡಚಿ ಉಗುರಲ್ಲಿ ಬಲವಾಗಿ ಒತ್ತಿ. ಮಡಿಕೆ ಮೇಲೆ ಬಿಳಿ ಗೆರೆ ಬಂದ್ರೆ ಒಳಗೆ ಚಾಕ್ ಪುಡಿಯಂಥ ಫಿಲ್ಲರ್ ಜಾಸ್ತಿ ಸೇರಿಸಿರಬಹುದು, ಬಿಟ್ಟುಬಿಡಿ. ಅಂಗೈಯನ್ನ ಮೇಲೆ ಎಳೆದು ನೋಡಿ, ಜಾರಿದ್ರೆ ಅಜ್ಜಿನೂ ಜಾರ್ತಾರೆ. ಬಣ್ಣ ನೋಡೋವಾಗ ಹಳೇ ತುಂಡಿನ ಜೊತೆ ಅಂಗಡಿಯಿಂದ ಹೊರಗೆ ಬನ್ನಿ. ಟ್ಯೂಬ್‌ಲೈಟಲ್ಲಿ ಒಂದೇ ಥರ ಕಾಣೋ ಎರಡು ನೀಲಿ ಬಿಸಿಲಲ್ಲಿ ಬೇರೆ ಬೇರೆ ಆಗಿಬಿಡ್ತವೆ.

ಅಳತೆ: ರೋಲಿನ ಅಗಲ ಸಾಮಾನ್ಯವಾಗಿ 54 ಇಂಚು. ನಮ್ಮ ಮುಂದಿನ, ಹಿಂದಿನ ಸೀಟು, ನಾಲ್ಕು ಬಾಗಿಲು ಸೇರಿ 10 ಮೀಟರ್ ಹಿಡೀತು. ನಾನು 11 ತಗೊಂಡೆ, ಒಂದೇ ರೋಲಿಂದ. ಆಮೇಲೆ ಸಾಲದೇ ಬಂದು ಇನ್ನೊಂದು ರೋಲಿಂದ ತಂದ್ರೆ ಬಣ್ಣದ ಬ್ಯಾಚ್ ಬೇರೆ ಆಗಿರಬಹುದು.

ಇನ್ನು ಬೆಂಕಿ ವಿಷಯ. 55 ವರ್ಷ ಹಳೇ ವೈರಿಂಗ್ ಇರೋ ಗಾಡಿ ಇದು. ವಾಹನದ ಒಳಗಿನ ಬಟ್ಟೆ, ಫೋಮ್ ಎಷ್ಟು ಬೇಗ ಉರೀಬಹುದು ಅನ್ನೋದಕ್ಕೆ ನಮ್ಮಲ್ಲಿ ಐಎಸ್ 15061 ಅನ್ನೋ ಮಾನದಂಡ ಇದೆ. ಸೋಫಾ ರೆಕ್ಸಿನ್ ಅದಕ್ಕೆ ಪಾಸಾಗಿರಬೇಕು ಅಂತೇನಿಲ್ಲ. ಹಾಗಾಗಿ ಆಟೋಮೋಟಿವ್ ಗ್ರೇಡ್ ಅಂತ ಬಾಯಲ್ಲಿ ಹೇಳಿದ್ರೆ ಸಾಲದು, ಟೆಸ್ಟ್ ರಿಪೋರ್ಟ್ ಕೇಳಿ. ನಾಲ್ಕು ಅಂಗಡೀಲಿ ನಕ್ಕರು, ಐದನೆಯವರು ವಾಟ್ಸಾಪಲ್ಲಿ ಪಿಡಿಎಫ್ ಕಳಿಸಿದ್ರು. ಮೀಟರಿಗೆ 520 ರೂಪಾಯಿ, ಮೊದಲನೇದಕ್ಕಿಂತ ಹತ್ರ ಹತ್ರ ಡಬಲ್. ಕೊಟ್ಟೆ. ಮನೇಲಿ ಬೆಂಕಿ ಹಚ್ಚಿ ಟೆಸ್ಟ್ ಮಾಡೋಕೆ ಮಾತ್ರ ಹೋಗ್ಬೇಡಿ. ಪಿವಿಸಿ ಉರಿದ್ರೆ ಹೈಡ್ರೋಜನ್ ಕ್ಲೋರೈಡ್ ಬರತ್ತೆ, ಕಣ್ಣು ಗಂಟಲು ಎಲ್ಲ ಸುಡತ್ತೆ.

ಈಗ ಅಜ್ಜಿ ಕಾಲಿನ ವಿಷಯಕ್ಕೆ ಬರ್ತೀನಿ. ನಿಜವಾದ ತಪ್ಪು ಇದ್ದದ್ದು ರೆಕ್ಸಿನ್ ಕೆಳಗೆ. ಹಳೇ ಸೀಟು ಒಂದು ಜೋಡಣೆ: ಕಬ್ಬಿಣದ ಚೌಕಟ್ಟು, ಸ್ಪ್ರಿಂಗು, ಅದರ ಮೇಲೆ ಗೋಣಿ ಬಟ್ಟೆ, ಮೇಲೆ ರಬ್ಬರ್ ಹಾಕಿದ ತೆಂಗಿನ ನಾರು, ಅದರ ಮೇಲೆ ತೆಳು ಹತ್ತಿ, ಕೊನೇಗೆ ಕವರು. ಕೂತಾಗ ಸ್ಪ್ರಿಂಗ್ ಇಳೀತಿತ್ತು, ಜೊತೆಗೆ ಕೂತವರೂ ಒಂದೆರಡು ಇಂಚು ಇಳೀತಿದ್ರು. ಆ ಕಾರಲ್ಲಿ ಕೂರೋ ಎತ್ತರ ಅಂದ್ರೆ ಅದು. ಪ್ಲೈವುಡ್ ಹಾಕಿದ ತಕ್ಷಣ ಸ್ಪ್ರಿಂಗ್ ಸತ್ತುಹೋಯ್ತು, ಮೇಲೆ ನಾಲ್ಕಿಂಚು ಗಟ್ಟಿ ಫೋಮ್ ಬಂತು. ಅಜ್ಜಿ ನೇತಾಡದೆ ಇನ್ನೇನ್ ಮಾಡ್ತಾರೆ?

ಫೋಮ್ ಬಗ್ಗೆ ಎಲ್ರೂ ಡೆನ್ಸಿಟಿ ಡೆನ್ಸಿಟಿ ಅಂತಾರೆ. ಡೆನ್ಸಿಟಿ ಅಂದ್ರೆ ಗಟ್ಟಿತನ ಅಲ್ಲ, ಬರೀ ತೂಕ: ಒಂದು ಘನ ಮೀಟರ್‌ಗೆ ಎಷ್ಟು ಕೆಜಿ ಅಂತ. ಅದೇ ಡೆನ್ಸಿಟಿಯಲ್ಲಿ ಮೆತ್ತನೇದೂ ಸಿಗತ್ತೆ, ಗಟ್ಟಿದೂ ಸಿಗತ್ತೆ. ಡೆನ್ಸಿಟಿ ಹೇಳೋದು ಮುಖ್ಯವಾಗಿ ಬಾಳಿಕೆ. ಇಲ್ಲಿ ನನ್ನ ಬಿ.ಕಾಂ. ಉಪಯೋಗಕ್ಕೆ ಬಂತು. ಉದ್ದ, ಅಗಲ, ದಪ್ಪ ಮೂರೂ 10 ಸೆಂಟಿಮೀಟರ್ ಇರೋ ತುಂಡು ತಗೊಳ್ಳಿ. ಅದು ಒಂದು ಘನ ಮೀಟರಿನ ಸಾವಿರದ ಒಂದು ಭಾಗ. ಅಂದ್ರೆ 40 ಡೆನ್ಸಿಟಿ ಫೋಮ್ ಆದ್ರೆ ಅದು 40 ಗ್ರಾಂ ತೂಗಬೇಕು, 32 ಆದ್ರೆ 32 ಗ್ರಾಂ. ಅಡುಗೆಮನೆ ತಕ್ಕಡಿ ಸಾಕು. ನನ್ನ ಹತ್ರ ಉಳಿದಿದ್ದ "ನಲವತ್ತು ಡೆನ್ಸಿಟಿ" ತುಂಡು 30 ಸೆಂ.ಮೀ. ಉದ್ದ, 30 ಅಗಲ, 10 ದಪ್ಪ. ಲೆಕ್ಕದ ಪ್ರಕಾರ 360 ಗ್ರಾಂ ಬರಬೇಕು. ಬಂದದ್ದು 210. ಅಂದ್ರೆ 23 ಡೆನ್ಸಿಟಿ! ಅಮ್ಮ ಪಕ್ಕದಲ್ಲಿ ನಿಂತು "ಮೈಸೂರ್ ಪಾಕಿಗೂ ಇಷ್ಟು ಸೂಕ್ಷ್ಮವಾಗಿ ತೂಕ ನೋಡಲ್ಲ ನೀನು" ಅಂತ ನಗ್ತಿದ್ರು.

ಎರಡನೇ ಸಲ ಪ್ಲೈವುಡ್ ಕಿತ್ತೆ. ಸ್ಪ್ರಿಂಗ್‌ಗಳನ್ನ ತಂತಿ ಬ್ರಷಲ್ಲಿ ಉಜ್ಜಿ ತುಕ್ಕು ತಡೆಯೋ ಪ್ರೈಮರ್ ಬಳಿದೆ. ಎರಡು ಮುರಿದಿದ್ವು, ಸೋಫಾ ಮಾಡೋರ ಹತ್ರ ಅದೇ ದಪ್ಪದ ತಂತಿಯವು ಸಿಕ್ಕಿದ್ವು. ಮೇಲಿನ ಗೋಣಿಗೆ ಅಕ್ಕಿ ಚೀಲ ಹಾಕೋಣ ಅಂತಿದ್ದೆ, ಹಿರಿಯರು ಬೈದ್ರು. ಬಳಸಿದ ಚೀಲದಲ್ಲಿ ಕಾಳಿನ ವಾಸನೆ, ಹುಳ, ಅದರ ಹಿಂದೆ ಇಲಿ. ಹೊಸ ಸೆಣಬಿನ ಬಟ್ಟೆನೇ ತರಬೇಕು.

ನಾರಿನ ಕಥೆ ತಮಾಷೆ. ರಬ್ಬರೈಸ್ಡ್ ಕಾಯರ್ ಅಂದ್ರೆ ತೆಂಗಿನ ನಾರನ್ನ ಸುರುಳಿ ಮಾಡಿ, ಬಿಡಿಸಿ, ಅದಕ್ಕೆ ರಬ್ಬರ್ ಹಾಲು ಸಿಂಪಡಿಸಿ, ಒತ್ತಿ ಬಿಸಿ ಮಾಡಿ ತಯಾರಿಸಿದ ಹಾಳೆ. ಗಾಳಿ ಆಡತ್ತೆ, ಸ್ಪ್ರಿಂಗಿನ ಚುಚ್ಚು ಮೇಲೆ ಬರದ ಹಾಗೆ ತಡೆಯತ್ತೆ. ನಾನು ಇದನ್ನ ಬೆಂಗಳೂರಿನ ಜೆ.ಸಿ. ರೋಡಲ್ಲಿ ಎರಡು ದಿನ ಹುಡುಕಿದೆ. ಸೀಟ್ ಕವರ್, ಮ್ಯಾಟ್, ಬೀಡಿಂಗ್‌ಗೆ ಒಳ್ಳೆ ಜಾಗ ಅದು, ಆದ್ರೆ ನಾರು ಕೇಳಿದ್ರೆ "ಇವಾಗೆಲ್ಲ ಫೋಮೇ ಸಾರ್" ಅನ್ನೋರೇ. ಕೊನೆಗೆ ಸಿಕ್ಕಿದ್ದು ಎಲ್ಲಿ? ನಮ್ಮೂರ ಹಾಸಿಗೆ ಅಂಗಡೀಲಿ! ಕಾಯರ್ ಮ್ಯಾಟ್ರೆಸ್ ಒಳಗಿರೋದು ಇದೇ ಹಾಳೆ. ಸುತ್ತ ತೆಂಗಿನ ತೋಟ, ಹಾದೀಲಿ ಸಿಪ್ಪೆ ರಾಶಿ, ನಾನು ಮಾತ್ರ ಬೆಂಗಳೂರಲ್ಲಿ ನಾರು ಹುಡುಕ್ತಿದ್ದೆ.

ಹೊಸ ಎತ್ತರ ಎಷ್ಟಿರಬೇಕು ಅಂತ ಗೊತ್ತಾಗಿದ್ದು ಹೇಗೆ ಅಂದ್ರೆ, ಹಳೇ ಕವರಿನ ಪಕ್ಕದ ಪಟ್ಟಿಯ ಅಗಲದಿಂದ. ಜೊತೆಗೆ ಬಾಗಿಲ ಒಳಭಾಗದ ಮೇಲೆ ಸೀಟಿನ ಅಂಚು ಉಜ್ಜಿ ಉಜ್ಜಿ ಬಿದ್ದಿದ್ದ ಗೆರೆಯಿಂದ. ಅದಕ್ಕೆ ಸರಿಯಾಗಿ ನಾರಿನ ಹಾಳೆ ಕತ್ತರಿಸಿ, ಮೇಲೆ ಒಂದೇ ಇಂಚು ಮೆತ್ತನೆ ಫೋಮ್ ಹಾಕಿದ್ವಿ. ಫೋಮ್ ತೂಕ ನೋಡೇ ತಗೊಂಡೆ. ಅಂಗಡಿಯವರು ವಿಚಿತ್ರವಾಗಿ ನೋಡಿದ್ರು, ನೋಡ್ಲಿ ಬಿಡಿ.

ಸಣ್ಣ ಸಾಮಾನು ಬೇಗ ಹೇಳಿ ಮುಗಿಸ್ತೀನಿ. ದಾರ ಪಾಲಿಯೆಸ್ಟರ್ ಇರಲಿ, ಹತ್ತಿ ದಾರ ಬಿಸಿಲು, ತೇವಕ್ಕೆ ಕೊಳೆಯತ್ತೆ. ದಾರದ ಟಿಕೆಟ್ ನಂಬರ್ ಕಮ್ಮಿ ಆದಷ್ಟೂ ದಾರ ದಪ್ಪ. ಒಳ ಹೊಲಿಗೆಗೆ 40, ಮೇಲೆ ಕಾಣೋ ಹೊಲಿಗೆಗೆ 20 ಹಾಕಿದ್ವಿ. ಮನೆ ಹೊಲಿಗೆ ಮಿಷಿನಲ್ಲಿ ನಾನೇ ಮಾಡ್ತೀನಿ ಅಂತ ಹೋಗಿ ಮೂರು ಸೂಜಿ ಮುರಿದು ಸೋತೆ. ಬಿಚ್ಚೋದು, ಕತ್ತರಿಸೋದು, ಕೂರಿಸೋದು ನಂದು, ಹೊಲಿಗೆ ಹಿರಿಯರದ್ದು. ಇದನ್ನೂ ಸ್ವಂತ ಕೆಲಸ ಅಂತಾನೇ ಲೆಕ್ಕ ಹಾಕ್ತೀನಿ, ಜಗಳಕ್ಕೆ ಬರಬೇಡಿ. ಕವರನ್ನ ಚೌಕಟ್ಟಿಗೆ ಬಿಗಿಯೋಕೆ ಹಾಗ್ ರಿಂಗ್ ಅಂತ ಸಣ್ಣ ಉಂಗುರಗಳು ಬೇಕು, ಅದನ್ನ ಒತ್ತೋ ಇಕ್ಕಳ ಆನ್‌ಲೈನಲ್ಲಿ ಸಿಗತ್ತೆ. ಕವರನ್ನ ಒಂದು ಗಂಟೆ ಬಿಸಿಲಲ್ಲಿ ಹಾಸಿ ಆಮೇಲೆ ಎಳೀರಿ, ಮೆತ್ತಗಾಗಿ ಸುಕ್ಕಿಲ್ಲದೆ ಕೂರತ್ತೆ.

ಬಾಗಿಲ ಒಳಗಿನ ಹಲಗೆಯನ್ನ ಹೊಸದಾಗಿ ಮಾಡೋರು ಒಂದು ವಿಷಯ ಮರೀತಾರೆ. ಕಿಟಕಿ ಗ್ಲಾಸಿನ ಸಂದಿಯಿಂದ ಮಳೆನೀರು ಬಾಗಿಲೊಳಗೆ ಇಳಿಯೋದು ಸಹಜ, ಕೆಳಗಿನ ತೂತಿಂದ ಅದು ಹೊರಗೆ ಹೋಗತ್ತೆ. ಹಲಗೆ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸದೇ ಇದ್ರೆ ಒಂದೇ ಮಳೆಗಾಲಕ್ಕೆ ಹಾರ್ಡ್‌ಬೋರ್ಡ್ ಹಪ್ಪಳ ಆಗತ್ತೆ. ಹಲಗೆಯ ಕ್ಲಿಪ್ಪುಗಳು ನನಗೆ ಸಿಕ್ಕಿದ್ದು ಮುಂಬೈಯಿಂದ, ಪರಿಚಯದವರೊಬ್ಬರ ಮೂಲಕ. ಅಲ್ಲಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆವರೆಗೂ ಓಡಿದ್ವಲ್ಲ, ಬಿಡಿಭಾಗ ಇನ್ನೂ ಹುಡುಕಿದ್ರೆ ಸಿಗತ್ತೆ.

"ಲೆದರ್ ಹಾಕ್ಬಹುದಿತ್ತಲ್ಲ" ಅಂತ ಒಬ್ರು ಕೇಳಿದ್ರು. ಈ ಕಾರಿಗೆ ಯಾವತ್ತೂ ಲೆದರ್ ಇರಲಿಲ್ಲ. ಇನ್ನೊಂದು ಮಜಾ ಕೇಳಿ. ಹಿಂದೆ ಡ್ರೈವರ್ ಇಟ್ಟು ಓಡಿಸ್ತಿದ್ದ ದೊಡ್ಡ ದೊಡ್ಡ ಕಾರುಗಳಲ್ಲಿ ಎಷ್ಟೋ ಸಲ ಲೆದರ್ ಇರ್ತಿದ್ದದ್ದು ಮುಂದೆ, ಡ್ರೈವರಿಗೆ, ಮಳೆ ಗಾಳಿ ತಡೀಲಿ ಅಂತ. ಯಜಮಾನರು ಕೂರ್ತಿದ್ದದ್ದು ಮೆತ್ತನೆ ಬಟ್ಟೆ ಮೇಲೆ.

ಕಾನೂನಿನ ಪ್ರಶ್ನೆಗಳೂ ಬಂದಿವೆ. 50 ವರ್ಷ ದಾಟಿದ, ಮೂಲ ರೂಪದಲ್ಲಿರೋ ಗಾಡಿಗೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಮಾಡಿಸಬಹುದು. ನಂಬರ್ ಪ್ಲೇಟಲ್ಲಿ ವಿಎ ಅಂತ ಅಕ್ಷರ ಬರತ್ತೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಚಾಸಿಸ್, ಬಾಡಿ, ಎಂಜಿನ್‌ಗೆ ದೊಡ್ಡ ಬದಲಾವಣೆ ಮಾಡಿರಬಾರದು. ಆದ್ರೆ ಆ ಗಾಡಿಯನ್ನ ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕೆ ಮಾತ್ರ. ಅಜ್ಜಿಯನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋಗೋದು ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ನಾವು ಅದಕ್ಕೆ ಹೋಗಲಿಲ್ಲ, ಐದು ವರ್ಷಕ್ಕೊಮ್ಮೆ ಮಾಡಿಸೋ ಮಾಮೂಲಿ ನವೀಕರಣವನ್ನೇ ಇಟ್ಕೊಂಡಿದ್ದೀವಿ.

ಎರಡನೇ ಸಲದ ಬಿಲ್ಲು: ರೆಕ್ಸಿನ್ 5,720, ನಾರು 1,900, ಫೋಮ್ 1,450, ಸೆಣಬು ಮತ್ತು ಹತ್ತಿ 780, ದಾರ, ಪೈಪಿಂಗ್, ತಂತಿ, ಉಂಗುರ ಎಲ್ಲ ಸೇರಿ 1,250, ಹೊಲಿಗೆ 9,000. ಒಟ್ಟು 20,100. ಮೊದಲನೇ ಸಲದ ಜೊತೆ ಸೇರಿಸಿದ್ರೆ 36,100. ಕಾಲೇಜಲ್ಲಿ ಸಂಕ್ ಕಾಸ್ಟ್ ಅಂತ ಪಾಠ ಓದಿದ್ದೆ, ಆ 16,000ನ ಮರೆತುಬಿಡಬೇಕಂತೆ. ಆಗ್ತಿಲ್ಲ.

ಹೋದ ತಿಂಗಳು ಒಂದು ಭಾನುವಾರ ಅಜ್ಜಿನ ಒಪ್ಪಿಸೋಕೆ ಅರ್ಧ ಗಂಟೆ ಹಿಡೀತು. ಮೊದಲು ಬಾಗಿಲು ತೆಗೆದು ಅಂಗೈಯಲ್ಲಿ ಸೀಟನ್ನ ಒತ್ತಿ ನೋಡಿದ್ರು. ಕೂತ್ರು. ಸ್ಪ್ರಿಂಗ್ ಕಿರ್ರ್ ಅಂತು. ಎರಡೂ ಪಾದ ನೆಲದ ಮೇಲಿದ್ವು. ಏನೂ ಹೇಳಲಿಲ್ಲ, ಎಡಗಡೆ ಮೂಲೆಗೆ ಸರ್ಕೊಂಡು ಸೆರಗು ಸರಿ ಮಾಡ್ಕೊಂಡು "ಹೊರಡು ಮತ್ತೆ, ಬಾಗಿಲು ಹಾಕ್ತಾರೆ" ಅಂದ್ರು. ದೇವಸ್ಥಾನದ ಬಾಗಿಲು.

ಉಳಿದ ಒಂದು ಮೀಟರ್ ನೀಲಿ ರೆಕ್ಸಿನ್ ಮಂಚದ ಕೆಳಗಿದೆ, ಮಡಚಿಲ್ಲ, ಸುತ್ತಿಟ್ಟಿದ್ದೀನಿ. ಮಡಚಿದ್ರೆ ಗೆರೆ ಹೋಗಲ್ಲ. ಇನ್ನು ಬಾಕಿ ಇರೋದು ರೂಫಿನ ಒಳಬಟ್ಟೆ. ಅದು ಚಾವಣಿಗೆ ಅಡ್ಡ ಇರೋ ಕಬ್ಬಿಣದ ಕಂಬಿಗಳಿಗೆ ನೇತಾಡೋ ಬಟ್ಟೆ, ಅಂಚಿಗೆ ಮಾತ್ರ ಅಂಟು. ಬಿಸಿಲಲ್ಲಿ ಚಾವಣಿ ಕಾಯೋ ಶಾಖಕ್ಕೆ ಮಾಮೂಲಿ ಅಂಟು ಬಿಟ್ಟುಕೊಳ್ಳತ್ತೆ, ಶಾಖ ತಡೆಯೋದೇ ಬೇಕು. ನಮ್ಮ ಕಂಬಿಗಳಲ್ಲಿ ಒಂದು ಕಾಣೆಯಾಗಿದೆ. ನಿಮ್ಮ ಮನೆ ಶೆಡ್ಡಲ್ಲೋ ಅಟ್ಟದಲ್ಲೋ ಹಳೇ ಫಿಯಟ್ಟಿನ ಕಂಬಿ ಇದ್ರೆ ಮೆಸೇಜ್ ಹಾಕಿ, ಬಂದು ತಗೊಂಡು ಹೋಗ್ತೀನಿ.